ಭೂಕಂಪ: ನಮ್ಮ ತಲೆ ಮೇಲಿನ ಭಾರ

1993ರ ಸೆಪ್ಟೆಂಬರ್ 30. ನಸುಕಿನ ನಾಲ್ಕು ಗಂಟೆ ಇನ್ನೂ ಆಗಿರಲಿಲ್ಲ. ಗಣಪತಿ ಕಳಿಸಿ ಬಂದು ಮಲಗಿದ್ದೆವು. ನೆಲದೊಳಗೆ ಬಂಡಿ ಓಡಿದಂಥ ಸದ್ದು. ಗೂಡಿನಲ್ಲಿದ್ದ ಚಿಮಣಿ ಕೆಳಗೆ ಬಿತ್ತು. "ಏ ತಮ್ಮಾ, ಮನಿ ಅಲಗಾಡ್ಲಾಕತ್ತದ, ಹೊರಗ ಬಾ" ಅಂತ ಅವ್ವ ಕೂಗಿದಳು.

ನಮ್ಮದು ಆಳಂದ ತಾಲ್ಲೂಕು. ನಮ್ಮ ಗೋಡೆ ಬಿರುಕು ಬಿಟ್ಟಿತು, ಅಷ್ಟೇ. ಗಡಿಯಾಚೆ ಲಾತೂರ ಜಿಲ್ಲೆಯ ಕಿಲ್ಲಾರಿ ಸುತ್ತಮುತ್ತ ಸುಮಾರು ಹತ್ತು ಸಾವಿರ ಮಂದಿ ಸತ್ತರು. ಕಂಪನದ ಅಳತೆ 6.2. ಇದಕ್ಕಿಂತ ಜೋರಾಗಿ ನಡುಗಿದ ಕಡೆಯೂ ಇಷ್ಟು ಜನ ಸಾಯದ್ದುಂಟು. ಇಲ್ಲೇಕೆ ಹೀಗಾಯಿತು?

ಅಲ್ಲಿಯ ಮನೆಗಳೂ ನಮ್ಮಂಥವೇ. ಎರಡು-ಮೂರು ಅಡಿ ದಪ್ಪದ ಕಲ್ಲಿನ ಗೋಡೆ, ಮೇಲೆ ಮಣ್ಣಿನ ಮಾಳಿಗೆ. ದಪ್ಪ ಗೋಡೆ ಗಟ್ಟಿ ಅಂತ ನಾವು ತಿಳಿದಿದ್ದೇವೆ. ಆದರೆ ಅದು ಒಂದು ಗೋಡೆಯಲ್ಲ. ಹೊರಗೊಂದು ಮುಖ, ಒಳಗೊಂದು ಮುಖ, ನಡುವೆ ಚೂರುಕಲ್ಲು, ಕೆಸರು. ನೆಲ ಅಲುಗಿದರೆ ಎರಡೂ ಮುಖ ಹಗ್ಗ ಬಿಚ್ಚಿದ ಸಿವುಡಿನಂತೆ ಕಳಚಿಕೊಳ್ಳುತ್ತವೆ. ಆಗ ಮಾಳಿಗೆ ಕೆಳಗೆ ಬರುತ್ತದೆ. ಒಂದು ಘನ ಅಡಿ ಮಣ್ಣು ಸುಮಾರು 45 ಕಿಲೋ. ಹತ್ತಡಿಗೆ ಹತ್ತಡಿ ಕೋಣೆ ಮೇಲೆ ಒಂದಡಿ ಮಣ್ಣಿದ್ದರೆ 45 ಕ್ವಿಂಟಾಲ್! ಲೆಕ್ಕ ಹಾಕಿ ನೋಡಿರಿ.

ಉಳಿದ ಅಪಾಯಗಳೂ ಇವೆ. ಮೊದಲ ಹೊಡೆತದ ನಂತರ ಮರುಕಂಪನ ಬರುತ್ತವೆ. ಬಿರುಕು ಬಿಟ್ಟ ಗೋಡೆ ಆಗ ಬೀಳುತ್ತದೆ, ಕಾಳು ತರಲು ಒಳಗೆ ಹೋಗಬಾರದು. ಬೆಂಕಿ ಇನ್ನೊಂದು. 1923ರಲ್ಲಿ ಜಪಾನಿನ ಟೋಕಿಯೋದಲ್ಲಿ ಮಧ್ಯಾಹ್ನ ಒಲೆ ಉರಿಯುವಾಗ ನೆಲ ನಡುಗಿ, ಊರಿನ ದೊಡ್ಡ ಭಾಗ ಸುಟ್ಟಿತು. ನಮಗೂ ಸಿಲಿಂಡರ್, ಕಣಿಕಿ ಬಣವಿ ಇವೆ. ಸಡಿಲ ಮರಳುನೆಲದಲ್ಲಿ ನೀರಿದ್ದರೆ ನೆಲವೇ ಕೆಸರಾಗಿ ಕುಸಿಯುತ್ತದೆ. 2001ರಲ್ಲಿ ಕಛ್‌ನಲ್ಲಿ ಹೀಗಾಯಿತು. ನಮ್ಮ ಎರೆಭೂಮಿಗೆ ಈ ಭಯ ಕಡಿಮೆ. ಗುಡ್ಡ ಕುಸಿಯುವುದು ನೇಪಾಳದಂಥ ಬೆಟ್ಟದ ಸೀಮೆಗೆ, 2004ರಂಥ ಸುನಾಮಿ ಕಡಲ ದಂಡೆಗೆ. ನಮಗೆ ದೊಡ್ಡ ವೈರಿ ನಮ್ಮ ಮನೆಯೇ.

2021ರಲ್ಲಿ ನಮ್ಮದೇ ಜಿಲ್ಲೆಯ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವರದಲ್ಲಿ ಮೇಲಿಂದ ಮೇಲೆ ಭೂಮಿ ನಡುಗಿ, ಜನ ಹೊರಗೆ ಮಲಗಿದರು. ಆಗ ನಾನು ಮಾಳಿಗೆ ಹತ್ತಿ ಸಲಿಕೆ ಹಾಕಿದೆ. ಮೊಣಕಾಲುದ್ದ ಮಣ್ಣು! ಸೋರುತ್ತದೆಂದು ಪ್ರತಿ ಮಳೆಗಾಲದ ಮುಂಚೆ ಅಪ್ಪ ಹಾಕಿದ್ದು, ಆಮೇಲೆ ನಾನು ಹಾಕಿದ್ದು. ಹಳೆಯದನ್ನು ಯಾರೂ ತೆಗೆದಿರಲಿಲ್ಲ. 28 ವರ್ಷ ಅದರ ಕೆಳಗೇ ಮಕ್ಕಳನ್ನು ಮಲಗಿಸಿದ್ದೆ.

ಮಕ್ಕಳನ್ನು ಕರೆದು ವಾರವಿಡೀ ಬುಟ್ಟಿಯಲ್ಲಿ ಮಣ್ಣು ಇಳಿಸಿದೆ. ಮಲಗುವ ಕೋಣೆಗೆ ತಗಡು ಹಾಕಿದೆ. ಬೇಸಿಗೆಯಲ್ಲಿ ಕಾಯುತ್ತದೆ, ಸುಳ್ಳು ಹೇಳುವುದಿಲ್ಲ. ಮೇಲೆ ಕಣಿಕಿ ಹೊದಿಸಿದರೆ ಬೆಂಕಿಯ ಭಯ, ಅದಕ್ಕೇ ಹೊದಿಸಿಲ್ಲ. ಕಿಲ್ಲಾರಿ ಸೀಮೆಯಲ್ಲಿ ಹಳೆ ಗೋಡೆಗೆ ಆರಪಾರ ತೂತು ತೆಗೆದು, ಸರಳು ಇಟ್ಟು ಕಾಂಕ್ರೀಟ್ ತುಂಬಿ ಎರಡೂ ಮುಖ ಹಿಡಿಸುವ ಪದ್ಧತಿ ಬಂತು. ಹೊಸ ಗೋಡೆ ಕಟ್ಟುವವರು ಅಲ್ಲಲ್ಲಿ ಆಚೆ-ಈಚೆ ಮುಟ್ಟುವ ಉದ್ದ ಕಲ್ಲು ಇಡಿಸಿರಿ. ಗೌಂಡಿ ಬೇಡವೆಂದರೂ ಬಿಡಬೇಡಿರಿ.

ಇದಕ್ಕೆ ರೊಕ್ಕ ಬೇಕು. ಮಾಳಿಗೆ ಹಗುರ ಮಾಡಲು ಸಲಿಕೆ, ಬುಟ್ಟಿ ಸಾಕು. ಈ ಸಲ ಮಳೆಗಾಲದ ಮುಂಚೆ ಹೊಸ ಮಣ್ಣು ಹಾಕುವವರು ಮೊದಲು ಹಳೆಯದನ್ನು ಇಳಿಸಿರಿ.