ಪ್ರಾರಂಭಿಕ ಹಂತದ ಜಪಾನಿ ಭಾಷಾ ತರಗತಿ: ಸೇರಬಯಸುವವರ ಗಮನಕ್ಕೆ

ಕಾಲೇಜುಗಳಲ್ಲಿಯೂ ವಿಶ್ವವಿದ್ಯಾಲಯಗಳ ವಿದೇಶಿ ಭಾಷಾ ವಿಭಾಗಗಳಲ್ಲಿಯೂ ನಡೆಸಲಾಗುವ ಪ್ರಾರಂಭಿಕ ಜಪಾನಿ ತರಗತಿಗಳ ಕುರಿತು ವಿದ್ಯಾರ್ಥಿಗಳಿಂದ, ಪೋಷಕರಿಂದ ಹಾಗೂ ಉದ್ಯೋಗದಲ್ಲಿರುವವರಿಂದ ವಿಚಾರಣೆಗಳು ಬರುತ್ತಿರುತ್ತವೆ. ಕೇಳಲಾಗುವ ಪ್ರಶ್ನೆಗಳು ಬಹುಮಟ್ಟಿಗೆ ಎರಡೇ. ಈ ಭಾಷೆಯನ್ನು ಕಲಿಯುವುದು ಕಷ್ಟವೇ? ಕಲಿತರೆ ಜಪಾನಿಗೆ ಹೋಗಬಹುದೇ? ಮೊದಲನೆಯ ಪ್ರಶ್ನೆಗೆ ಸಾಮಾನ್ಯವಾಗಿ ದೊರೆಯುವ ಉತ್ತರಕ್ಕಿಂತ ಹೆಚ್ಚು ಭರವಸೆಯ ಉತ್ತರವೂ, ಎರಡನೆಯದಕ್ಕೆ ಹೆಚ್ಚು ಎಚ್ಚರಿಕೆಯ ಉತ್ತರವೂ ಇರುವುದರಿಂದ ಈ ಮಾಹಿತಿಯನ್ನು ಸಾರ್ವಜನಿಕರ ತಿಳಿವಳಿಕೆಗಾಗಿ ನೀಡಲಾಗಿದೆ. ಇದನ್ನು ಸಿದ್ಧಪಡಿಸಿದ ಶಾಖಾಧಿಕಾರಿಯು ವಾಣಿಜ್ಯ ಪದವೀಧರರಾಗಿದ್ದು, ನಲವತ್ತು ದಾಟಿದ ನಂತರ ಒಂದು ಕಾಲೇಜಿನ ಸಂಜೆ ತರಗತಿಯಲ್ಲಿ ಹಿಂದಿನ ಬೆಂಚಿನಲ್ಲಿ ಕುಳಿತು ಈ ಭಾಷೆಯ ಮೊದಲ ಹಂತವನ್ನು ಕಲಿತವರು. ಆದಕಾರಣ ಕೆಲವು ಮಾತುಗಳು ಸ್ವಂತ ಅನುಭವದಿಂದ ಬಂದವು.

ತರಗತಿಯಲ್ಲಿ ಏನನ್ನು ಕಲಿಸಲಾಗುತ್ತದೆ

ಜಪಾನಿ ಭಾಷೆಯನ್ನು ಮೂರು ಬಗೆಯ ಬರವಣಿಗೆಯನ್ನು ಬೆರೆಸಿ ಬರೆಯಲಾಗುತ್ತದೆ. ಹಿರಗನ ಮತ್ತು ಕತಕನ ಎಂಬ ಎರಡು ಲಿಪಿಗಳಲ್ಲಿ ತಲಾ 46 ಮೂಲಾಕ್ಷರಗಳಿವೆ. ಮೂರನೆಯದು ಚೀನಾ ಮೂಲದ ಕಾಂಜಿ. ಜಪಾನ್ ಸರ್ಕಾರವು 2010ರಲ್ಲಿ ಪರಿಷ್ಕರಿಸಿದ ದಿನಬಳಕೆಯ ಕಾಂಜಿಗಳ ಪಟ್ಟಿಯಲ್ಲಿ 2,136 ಅಕ್ಷರಗಳಿವೆ. ಈ ಸಂಖ್ಯೆಯನ್ನು ಕೇಳಿಯೇ ಹಿಂದೆ ಸರಿಯುವವರು ಉಂಟು. ಆದರೆ ಜಪಾನಿನ ಒಂದನೆಯ ತರಗತಿಯ ಮಗುವಿಗೆ ಆ ವರ್ಷ ಕಲಿಸುವುದು 80 ಕಾಂಜಿಗಳನ್ನು ಮಾತ್ರ. ನಮ್ಮ ಪ್ರಾರಂಭಿಕ ತರಗತಿಗಳಲ್ಲಿ ಕಲಿಸುವುದೂ ಹೆಚ್ಚುಕಡಿಮೆ ನೂರರ ಆಸುಪಾಸಿನಷ್ಟೇ.

ಪಠ್ಯಪುಸ್ತಕವಾಗಿ 1998ರಲ್ಲಿ ಮೊದಲು ಪ್ರಕಟವಾದ ‘ಮಿನ್ನ ನೊ ನಿಹೊಂಗೊ’ ಎಂಬ ಪುಸ್ತಕವು ವ್ಯಾಪಕವಾಗಿ ಬಳಕೆಯಲ್ಲಿದೆ. ಇದರ ಪ್ರಾರಂಭಿಕ ಎರಡು ಭಾಗಗಳಲ್ಲಿ ತಲಾ 25 ಪಾಠಗಳಿವೆ. ಮೊದಲ ಭಾಗ ಮುಗಿಸುವುದೇ ಬಹುತೇಕ ತರಗತಿಗಳ ಮೊದಲ ವರ್ಷದ ಗುರಿ.

ಮೊದಲ ವಾರಗಳು ಹಿರಗನಕ್ಕೇ ಮೀಸಲು. ಆ ಅಕ್ಷರಮಾಲೆಯನ್ನು ಕರಿಹಲಗೆಯ ಮೇಲೆ ಬರೆದಾಗ ಕನ್ನಡ ಬಲ್ಲವರಿಗೆ ಒಂದು ಆಶ್ಚರ್ಯ ಕಾದಿರುತ್ತದೆ. ಸ್ವರಗಳು ಅ, ಇ, ಉ, ಎ, ಒ ಎಂಬ ಕ್ರಮದಲ್ಲಿಯೇ ಬರುತ್ತವೆ. ವ್ಯಂಜನಗಳು ಕ, ಸ, ತ, ನ, ಹ, ಮ, ಯ, ರ, ವ. ಬೌದ್ಧ ಧರ್ಮದ ಮೂಲಕ ಜಪಾನ್ ತಲುಪಿದ ಸಿದ್ಧಂ ಲಿಪಿಯ ಅಧ್ಯಯನದಿಂದ ಈ ವರ್ಣಕ್ರಮ ರೂಪುಗೊಂಡಿತು. ಇಂದಿನ ಸಕಾರದ ಸಾಲು ಹಿಂದೆ ಚಕಾರಕ್ಕೆ ಸಮೀಪವಾಗಿಯೂ, ಹಕಾರದ ಸಾಲು ಪಕಾರವಾಗಿಯೂ ಇದ್ದುದನ್ನು ನೆನೆದರೆ ಕ, ಚ, ತ, ನ, ಪ, ಮ, ಯ, ರ, ವ ಎಂಬ ನಮ್ಮ ಕಾಗುಣಿತದ ಸಾಲೇ ಎದುರಿಗೆ ನಿಲ್ಲುತ್ತದೆ. ನಿಘಂಟಿನಲ್ಲಿ ಪದ ಹುಡುಕುವಾಗ ಇದು ನಿಜವಾಗಿಯೂ ಉಪಯೋಗಕ್ಕೆ ಬರುತ್ತದೆ.

ಕನ್ನಡ ಬಲ್ಲವರಿಗಿರುವ ಅನುಕೂಲ

ತರಗತಿಗಳಲ್ಲಿ ಬೋಧನೆಯು ಸಾಮಾನ್ಯವಾಗಿ ಇಂಗ್ಲಿಷಿನ ಮೂಲಕ ನಡೆಯುತ್ತದೆ. ವಿದ್ಯಾರ್ಥಿಗಳೂ ಜಪಾನಿ ವಾಕ್ಯವನ್ನು ಮೊದಲು ಇಂಗ್ಲಿಷಿಗೆ ತಂದು, ಅಲ್ಲಿಂದ ಅರ್ಥ ಮಾಡಿಕೊಳ್ಳಲು ಯತ್ನಿಸುತ್ತಾರೆ. ಇದು ಊರಿಗೆ ನೇರ ದಾರಿಯಿರುವಾಗ ಬಳಸಿಕೊಂಡು ಹೋದಂತೆ. ‘ವತಶಿ ವ ಮೈನಿಚಿ ಬಸು ದೆ ದೈಗಕು ಎ ಇಕಿಮಸು’ ಎಂಬ ವಾಕ್ಯವನ್ನು ಪರಿಶೀಲಿಸಬಹುದು. ವತಶಿ ವ ಎಂದರೆ ನಾನು, ಮೈನಿಚಿ ಪ್ರತಿದಿನ, ಬಸು ದೆ ಬಸ್ಸಿನಲ್ಲಿ, ದೈಗಕು ಎ ವಿಶ್ವವಿದ್ಯಾಲಯಕ್ಕೆ, ಇಕಿಮಸು ಹೋಗುತ್ತೇನೆ. ಒಂದು ಪದವನ್ನೂ ಸ್ಥಳಾಂತರಿಸಬೇಕಾಗಿಲ್ಲ. ಪದದ ಹಿಂದೆ ಸೇರುವ ದೆ, ಎ, ನಿ, ಒ, ನೊ ಮುಂತಾದವುಗಳು ನಮ್ಮ ವಿಭಕ್ತಿ ಪ್ರತ್ಯಯಗಳು ಮಾಡುವ ಕೆಲಸವನ್ನೇ ಮಾಡುತ್ತವೆ. ವಾಕ್ಯದ ಕೊನೆಯಲ್ಲಿ ‘ಕ’ ಸೇರಿಸಿದರೆ ಪ್ರಶ್ನೆಯಾಗುತ್ತದೆ. ಕನ್ನಡದಲ್ಲಿ ಹೋಗುತ್ತೀರಿ ಎಂಬುದು ಹೋಗುತ್ತೀರಾ ಎಂದಾಗುವಂತೆ.

ಇನ್ನೂ ಸೂಕ್ಷ್ಮವಾದ ಹೋಲಿಕೆಗಳಿವೆ. ‘ನನಗೆ ಜಪಾನಿ ಅರ್ಥವಾಗುತ್ತದೆ’ ಎನ್ನುವಾಗ ಜಪಾನಿ ಎಂಬುದಕ್ಕೆ ನಾವು ‘ಅನ್ನು’ ಹಚ್ಚುವುದಿಲ್ಲ. ಜಪಾನಿಯಲ್ಲಿಯೂ ಅಲ್ಲಿ ಕರ್ಮಸೂಚಕವಾದ ‘ಒ’ ಬರದೆ ‘ಗ’ ಬರುತ್ತದೆ: ‘ನಿಹೊಂಗೊ ಗ ವಕರಿಮಸು’. ಇಷ್ಟ, ಬೇಕು ಎಂಬ ಅರ್ಥದ ಮಾತುಗಳಲ್ಲಿಯೂ ಹೀಗೆಯೇ. ಇಂಗ್ಲಿಷಿನಲ್ಲಿ ಯೋಚಿಸುವವರು ಇಲ್ಲಿ ತಪ್ಪದೆ ತಪ್ಪು ಬರೆಯುತ್ತಾರೆ.

ಪುಸ್ತಕದ 14ನೆಯ ಪಾಠದಲ್ಲಿ ಕ್ರಿಯಾಪದದ ‘ತೆ’ ರೂಪ ಬರುತ್ತದೆ. ತರಗತಿಯ ಅರ್ಧಕ್ಕರ್ಧ ಜನ ಕಳಚಿಕೊಳ್ಳುವ ಸ್ಥಳ ಇದೇ ಎಂದರೆ ಅತಿಶಯೋಕ್ತಿಯಾಗಲಾರದು. ಬರೆ ಎಂಬರ್ಥದ ಕಕು ‘ಕೈತೆ’ ಆಗುತ್ತದೆ, ಓದು ಎಂಬರ್ಥದ ಯೊಮು ‘ಯೊಂದೆ’, ಕೊಳ್ಳು ಎಂಬರ್ಥದ ಕೌ ‘ಕತ್ತೆ’. ಹೋಗು ಎಂಬರ್ಥದ ಇಕು ಮಾತ್ರ ನಿಯಮ ಮೀರಿ ‘ಇತ್ತೆ’. ಮೇಲ್ನೋಟಕ್ಕೆ ಭಯ ಹುಟ್ಟಿಸುವ ಈ ರೂಪವು ಬರೆದು, ಓದಿ, ಕೊಂಡು, ಹೋಗಿ ಎಂಬ ನಮ್ಮ ಭೂತ ಕೃದಂತಾವ್ಯಯದ ಸ್ಥಾನದಲ್ಲಿ ನಿಲ್ಲುವಂಥದು. ‘ತಬೆತೆ ಮಿರು’ ಎಂದರೆ ಪದಶಃ ತಿಂದು ನೋಡು. ಅರ್ಥವೂ ರುಚಿ ನೋಡು ಎಂದೇ. ‘ಕೈತೆ ಒಕು’ ಎಂದರೆ ಬರೆದಿಡು. ‘ತಬೆತೆ ಶಿಮೌ’ ಎಂದರೆ ತಿಂದುಬಿಡು. ಇಂಗ್ಲಿಷಿನಲ್ಲಿ ಒಂದು ಪುಟ ವಿವರಣೆ ಬೇಕಾಗುವ ಈ ಪ್ರಯೋಗಗಳನ್ನು ನಮ್ಮ ತರಗತಿಯಲ್ಲಿ ಹಳ್ಳಿಯ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದ್ದ ಒಬ್ಬ ವಿದ್ಯಾರ್ಥಿನಿಯು ಕೇಳಿದ ಕೂಡಲೇ ಗ್ರಹಿಸಿ, ಪಕ್ಕದವರಿಗೆ ಮೆಲ್ಲನೆ ಹೇಳಿಕೊಟ್ಟರು. ಅದುವರೆಗೆ ಅವರು ಇಂಗ್ಲಿಷ್ ಬಾರದೆಂಬ ಸಂಕೋಚದಿಂದ ತುಟಿ ಬಿಚ್ಚಿದವರಲ್ಲ.

ಉಚ್ಚಾರಣೆಯಲ್ಲಿಯೂ ಕನ್ನಡವು ನೆರವಾಗುತ್ತದೆ. ಜಪಾನಿಯಲ್ಲಿ ಹ್ರಸ್ವ ದೀರ್ಘಗಳಿಂದ ಅರ್ಥ ಬದಲಾಗುತ್ತದೆ: ಒಬಸನ್ ಎಂದರೆ ಚಿಕ್ಕಮ್ಮ ಅಥವಾ ಅತ್ತೆ, ಒಬಾಸನ್ ಎಂದರೆ ಅಜ್ಜಿ. ಒತ್ತಕ್ಷರದಿಂದಲೂ ಬದಲಾಗುತ್ತದೆ: ಕಿತೆ ಎಂದರೆ ಬಂದು, ಕಿತ್ತೆ ಎಂದರೆ ಅಂಚೆ ಚೀಟಿ. ಕನ್ನಡ ಲಿಪಿಯಲ್ಲಿ ಈ ಭೇದಗಳನ್ನು ಸ್ಪಷ್ಟವಾಗಿ ಬರೆದುಕೊಳ್ಳಬಹುದಾದುದರಿಂದ, ಮೊದಲ ಎರಡು ವಾರ ಟಿಪ್ಪಣಿಗಳನ್ನು ಇಂಗ್ಲಿಷ್ ಅಕ್ಷರಗಳ ಬದಲು ಕನ್ನಡದಲ್ಲಿ ಬರೆದುಕೊಳ್ಳುವುದು ಸೂಕ್ತ. ಆ ನಂತರ ಹಿರಗನವನ್ನೇ ಬಳಸತಕ್ಕದ್ದು.

ಇಷ್ಟೆಲ್ಲ ಹೋಲಿಕೆಯಿದ್ದ ಮಾತ್ರಕ್ಕೆ ಎರಡೂ ಭಾಷೆಗಳು ಒಂದೇ ಕುಲದವು ಎಂದು ಭಾವಿಸತಕ್ಕದ್ದಲ್ಲ. ಜಪಾನಿನ ವಿದ್ವಾಂಸ ಒನೊ ಸುಸುಮು ಅವರು ಜಪಾನಿಗೂ ತಮಿಳಿಗೂ ಸಂಬಂಧ ಕಲ್ಪಿಸಿ ಬರೆದಿದ್ದರಾದರೂ ಭಾಷಾಶಾಸ್ತ್ರಜ್ಞರು ಸಾಮಾನ್ಯವಾಗಿ ಅದನ್ನು ಒಪ್ಪಿಲ್ಲ. ಕಲಿಯುವವರಿಗೆ ರಚನೆಯ ಹೋಲಿಕೆಯೊಂದೇ ಸಾಕು. ಪದಗಳಂತೂ ಬೇರೆಯೇ: ಜಪಾನಿಯಲ್ಲಿ ‘ಅನೆ’ ಎಂದರೆ ಅಕ್ಕ, ‘ಮನೆ’ ಎಂದರೆ ಅನುಕರಣೆ.

ಎಡವುವ ಸ್ಥಳಗಳು

ಹೋಲಿಕೆಯೇ ಕೆಲವೊಮ್ಮೆ ಮೋಸ ಮಾಡುತ್ತದೆ. ಮನೆಯಲ್ಲಿ ಊಟ ಮಾಡುತ್ತೇನೆ, ಮನೆಯಲ್ಲಿ ಇದ್ದೇನೆ ಎಂಬ ಎರಡಕ್ಕೂ ಕನ್ನಡದಲ್ಲಿ ಒಂದೇ ಪ್ರತ್ಯಯ. ಜಪಾನಿಯಲ್ಲಿ ಕೆಲಸ ನಡೆಯುವ ಸ್ಥಳಕ್ಕೆ ‘ದೆ’, ಇರುವ ಸ್ಥಳಕ್ಕೆ ‘ನಿ’. ಇರು ಎಂಬ ಕ್ರಿಯಾಪದವೂ ಎರಡು: ಜೀವವಿರುವುದಕ್ಕೆ ‘ಇರು’ (ಕನ್ನಡದ ಉಚ್ಚಾರಣೆಯೇ!), ಇಲ್ಲದುದಕ್ಕೆ ‘ಅರು’. ‘ವ’ ಮತ್ತು ‘ಗ’ ಇವುಗಳ ವ್ಯತ್ಯಾಸವನ್ನು ಮೊದಲ ವರ್ಷ ಪೂರ್ಣವಾಗಿ ಅರಿತವರನ್ನು ಕಂಡಿಲ್ಲ, ಅದಕ್ಕಾಗಿ ಚಿಂತಿಸಬೇಕಾಗಿಲ್ಲ.

ವಸ್ತುಗಳನ್ನು ಎಣಿಸುವುದಕ್ಕೆ ಅವುಗಳ ಆಕಾರಕ್ಕೆ ತಕ್ಕ ಬೇರೆ ಬೇರೆ ಪದಗಳಿವೆ. ಕನ್ನಡದಲ್ಲಿ ಮನುಷ್ಯರಿಗೆ ಒಬ್ಬರು, ಇಬ್ಬರು ಎಂದೂ ವಸ್ತುಗಳಿಗೆ ಒಂದು, ಎರಡು ಎಂದೂ ಇರುವ ಭೇದವನ್ನು ಹಿಗ್ಗಿಸಿದರೆ ಇದು ಅರ್ಥವಾಗುತ್ತದೆ. ಉದ್ದನೆಯ ವಸ್ತುಗಳು ಇಪ್ಪೊನ್, ನಿಹೊನ್, ಸಂಬೊನ್. ಕಾಗದದಂತಹ ತೆಳು ವಸ್ತುಗಳು ಇಚಿಮೈ, ನಿಮೈ. ವಾಣಿಜ್ಯ ಓದಿದವರಿಗೆ ನಿಜವಾದ ತೊಡಕು ದೊಡ್ಡ ಸಂಖ್ಯೆಗಳಲ್ಲಿದೆ. ಜಪಾನಿನಲ್ಲಿ ಹತ್ತು ಸಾವಿರಕ್ಕೆ ‘ಮನ್’ ಎಂಬ ಪ್ರತ್ಯೇಕ ಘಟಕವಿದೆ. ನಮ್ಮ ಒಂದು ಲಕ್ಷ ಅವರ ಹತ್ತು ಮನ್. ಒಂದು ಕೋಟಿ ಸಾವಿರ ಮನ್. ಹತ್ತು ಕೋಟಿ ಸೇರಿದರೆ ಒಂದು ‘ಒಕು’. ಲಕ್ಷ ಕೋಟಿಗಳಲ್ಲಿ ಇಪ್ಪತ್ತು ವರ್ಷ ಟಿಪ್ಪಣಿ ಬರೆದ ಕೈಗೆ ಇದು ಈಗಲೂ ಒಗ್ಗಿಲ್ಲ.

ಕಾಂಜಿಯ ವಿಷಯದಲ್ಲಿ ವಿದ್ಯಾರ್ಥಿಗಳ ದೊಡ್ಡ ದೂರು, ಒಂದೇ ಅಕ್ಷರಕ್ಕೆ ಹಲವು ಉಚ್ಚಾರಣೆಗಳೇಕೆ ಎಂಬುದು. ನೀರಿನ ಕಾಂಜಿಯು ಒಂಟಿಯಾಗಿ ನಿಂತಾಗ ‘ಮಿಜು’, ಸಮಾಸದಲ್ಲಿ ‘ಸುಇ’. ಕನ್ನಡದಲ್ಲಿಯೂ ಒಂಟಿಯಾಗಿ ನೀರು ಎನ್ನುವ ನಾವು ಸಮಾಸದಲ್ಲಿ ಜಲಾಶಯ ಎನ್ನುತ್ತೇವಲ್ಲವೇ? ದೇಶ್ಯ ಪದ ಮತ್ತು ತತ್ಸಮ ಪದ ಎರಡನ್ನೂ ಒಂದೇ ಚಿತ್ರದಿಂದ ಬರೆದಂತೆ ಎಂದುಕೊಂಡರೆ ದೂರು ಅರ್ಧ ಕಡಿಮೆಯಾಗುತ್ತದೆ. ವಾರದ ದಿನಗಳನ್ನು ನೆನಪಿಡುವುದೂ ಸುಲಭ: ಸೂರ್ಯ, ಚಂದ್ರರ ನಂತರ ಬರುವ ಬೆಂಕಿ, ನೀರು, ಮರ, ಚಿನ್ನ, ಮಣ್ಣು ಎಂಬ ಕಾಂಜಿಗಳು ಜಪಾನಿಯಲ್ಲಿ ಮಂಗಳ, ಬುಧ, ಗುರು, ಶುಕ್ರ, ಶನಿ ಗ್ರಹಗಳ ಹೆಸರಿನಲ್ಲಿರುವವೇ.

ಪರೀಕ್ಷೆ

ಕಾಲೇಜಿನ ಆಂತರಿಕ ಪರೀಕ್ಷೆಯಲ್ಲದೆ, ಜಪಾನಿ ಭಾಷಾ ಸಾಮರ್ಥ್ಯ ಪರೀಕ್ಷೆ ಎಂಬ ಅಂತರರಾಷ್ಟ್ರೀಯ ಪರೀಕ್ಷೆಯಿದೆ. ಇದು 1984ರಲ್ಲಿ ನಾಲ್ಕು ಹಂತಗಳೊಂದಿಗೆ ಪ್ರಾರಂಭವಾಗಿ, 2010ರಿಂದ ಎನ್5ರಿಂದ ಎನ್1ರವರೆಗಿನ ಐದು ಹಂತಗಳಲ್ಲಿ ನಡೆಯುತ್ತಿದೆ. ಎನ್5 ಅತ್ಯಂತ ಕೆಳಗಿನದು. ಪರೀಕ್ಷೆಯನ್ನು ಜುಲೈ ಮತ್ತು ಡಿಸೆಂಬರ್ ತಿಂಗಳುಗಳಲ್ಲಿ ನಡೆಸಲಾಗುತ್ತದೆ; ಬೆಂಗಳೂರಿನಲ್ಲಿಯೂ ಕೇಂದ್ರವಿದೆ. ಕೆಳಗಿನ ಹಂತ ತೇರ್ಗಡೆಯಾಗದೆಯೂ ಮೇಲಿನ ಹಂತಕ್ಕೆ ನೇರವಾಗಿ ಅರ್ಜಿ ಸಲ್ಲಿಸಬಹುದು. ಮಾತನಾಡುವ ಪರೀಕ್ಷೆಯಾಗಲಿ, ಬರೆಯುವ ಪರೀಕ್ಷೆಯಾಗಲಿ ಇರುವುದಿಲ್ಲ.

ಎನ್5ರ ಒಟ್ಟು ಅಂಕ 180. ತೇರ್ಗಡೆಗೆ 80 ಅಂಕ ಬೇಕು. ಇದರೊಂದಿಗೆ ಭಾಷಾಜ್ಞಾನ ಮತ್ತು ಓದು ವಿಭಾಗದಲ್ಲಿ 120ಕ್ಕೆ ಕನಿಷ್ಠ 38, ಆಲಿಸುವಿಕೆಯಲ್ಲಿ 60ಕ್ಕೆ ಕನಿಷ್ಠ 19 ಪಡೆಯಬೇಕೆಂಬ ಷರತ್ತನ್ನು ಹಲವರು ಗಮನಿಸುವುದಿಲ್ಲ. ಈ ಶಾಖಾಧಿಕಾರಿಯೂ ಗಮನಿಸಿರಲಿಲ್ಲ. ಮೊದಲ ಯತ್ನದಲ್ಲಿ ಒಟ್ಟು 97 ಅಂಕ ಬಂದರೂ ಆಲಿಸುವಿಕೆಯಲ್ಲಿ 16 ಮಾತ್ರ ಬಂದ ಕಾರಣ ಅನುತ್ತೀರ್ಣವೆಂದು ಫಲಿತಾಂಶ ಬಂದಿತು. ಧ್ವನಿಮುದ್ರಿಕೆಯನ್ನು ಒಂದೇ ಬಾರಿ ಕೇಳಿಸಲಾಗುತ್ತದೆ, ತಪ್ಪಿದರೆ ತಪ್ಪಿತು. ಕಡತ ಓದುವ ಅಭ್ಯಾಸವಿದ್ದವರು ಕಣ್ಣಿನಿಂದಲೇ ಕಲಿಯುತ್ತಾರೆ, ಕಿವಿ ಹಿಂದೆ ಬೀಳುತ್ತದೆ. ಆದುದರಿಂದ ಮೊದಲ ತಿಂಗಳಿನಿಂದಲೇ ದಿನಕ್ಕೆ ಹದಿನೈದು ನಿಮಿಷವಾದರೂ ಪಾಠದ ಧ್ವನಿಮುದ್ರಿಕೆಯನ್ನು ಪುಸ್ತಕ ಮುಚ್ಚಿ ಕೇಳತಕ್ಕದ್ದು.

ಪ್ರಮಾಣಪತ್ರದಿಂದ ಆಗುವುದು, ಆಗದಿರುವುದು

ಕಳೆದ ಬೇಸಿಗೆಯಲ್ಲಿ ಒಬ್ಬ ರೈತರು ಮಗನ ಎನ್5 ಪ್ರಮಾಣಪತ್ರವನ್ನು ಪ್ಲಾಸ್ಟಿಕ್ ಚೀಲದಲ್ಲಿ ಜೋಪಾನವಾಗಿ ಇಟ್ಟುಕೊಂಡು ಕಚೇರಿಗೆ ಬಂದು, ಜಪಾನಿನ ಕೆಲಸಕ್ಕೆ ಯಾವ ನಮೂನೆಯಲ್ಲಿ ಅರ್ಜಿ ಹಾಕಬೇಕೆಂದು ವಿಚಾರಿಸಿದರು. ಈ ಪತ್ರವಿದ್ದರೆ ಕುಶಲ ಕಾರ್ಮಿಕರ ವೀಸಾ ಖಚಿತವೆಂದು ಒಬ್ಬ ಮಧ್ಯವರ್ತಿ ಹೇಳಿ, ಮುಂಗಡ ಪಡೆದಿದ್ದರಂತೆ. ಉಳಿದ ಹಣಕ್ಕೆ ಜಮೀನು ಅಡವಿಡುವ ಮಾತುಕತೆ ನಡೆದಿತ್ತು.

ವಾಸ್ತವಾಂಶ ಹೀಗಿದೆ. ಜಪಾನ್ 2019ರ ಏಪ್ರಿಲ್‌ನಲ್ಲಿ ಪ್ರಾರಂಭಿಸಿದ ನಿರ್ದಿಷ್ಟ ಕುಶಲ ಕಾರ್ಮಿಕ ಯೋಜನೆಗೆ ಸಂಬಂಧಿಸಿದಂತೆ ಭಾರತವು 2021ರ ಜನವರಿಯಲ್ಲಿ ಸಹಕಾರ ಒಪ್ಪಂದಕ್ಕೆ ಸಹಿ ಹಾಕಿದೆ. ಈ ಯೋಜನೆಯ ಮೊದಲ ವರ್ಗಕ್ಕೆ ಸಾಮಾನ್ಯವಾಗಿ ಎನ್4 ಅಥವಾ ಜಪಾನ್ ಫೌಂಡೇಶನ್ ನಡೆಸುವ ಮೂಲ ಜಪಾನಿ ಪರೀಕ್ಷೆಯಲ್ಲಿ ತೇರ್ಗಡೆ ಅಗತ್ಯ. ಆಯಾ ಕ್ಷೇತ್ರದ ಕೌಶಲ ಪರೀಕ್ಷೆ ಪ್ರತ್ಯೇಕ. ಶುಶ್ರೂಷಾ ಕ್ಷೇತ್ರಕ್ಕೆ ಅದರದೇ ಭಾಷಾ ಪರೀಕ್ಷೆಯೂ ಇದೆ. ಇವೆಲ್ಲ ಮುಗಿದ ನಂತರವೂ ಜಪಾನಿನ ಉದ್ಯೋಗದಾತರೊಬ್ಬರು ಕರಾರು ಮಾಡಿಕೊಳ್ಳಬೇಕು. ಅಂದರೆ ಎನ್5 ಈ ದಾರಿಯ ಮೊದಲ ಮೆಟ್ಟಿಲೇ ಹೊರತು ಟಿಕೆಟ್ ಅಲ್ಲ. ವಿದೇಶಕ್ಕೆ ಕೆಲಸಗಾರರನ್ನು ಕಳುಹಿಸುವ ಏಜೆಂಟರು ನೋಂದಾಯಿತರೇ ಎಂಬುದನ್ನು ಕೇಂದ್ರ ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ಜಾಲತಾಣದಲ್ಲಿ ಪರಿಶೀಲಿಸಿದ ನಂತರವೇ ಹಣದ ಮಾತಿಗೆ ಹೋಗುವುದು ಕ್ಷೇಮ. ರೈತರು ಇದೆಲ್ಲವನ್ನು ಕೇಳಿ, ಮಗನೊಂದಿಗೆ ದೂರವಾಣಿಯಲ್ಲಿ ಮಾತನಾಡಿ, ಜಮೀನಿನ ಪತ್ರಗಳನ್ನು ಹಿಂದಕ್ಕೆ ಪಡೆಯಲು ಅಂದೇ ಊರಿಗೆ ಹೊರಟರು. ಮುಂಗಡ ಮರಳಿ ಬಂದ ಬಗ್ಗೆ ಮಾಹಿತಿ ಬಂದಿಲ್ಲ. ಮಗ ಎನ್4 ತರಗತಿಗೆ ಸೇರಿದ್ದಾನೆ.

ಹಾಗೆಂದು ಮೊದಲ ಹಂತದ ಕಲಿಕೆ ನಿಷ್ಪ್ರಯೋಜಕವಲ್ಲ. 1997ರಲ್ಲಿ ಸ್ಥಾಪನೆಯಾದ ಟೊಯೋಟಾ ಕಿರ್ಲೋಸ್ಕರ್ ಮೋಟಾರ್‌ನ ಬಿಡದಿಯ ಕಾರ್ಖಾನೆ ಸೇರಿದಂತೆ ರಾಜ್ಯದಲ್ಲಿ ಜಪಾನಿ ಸಹಯೋಗದ ಉದ್ಯಮಗಳಿವೆ. ಆದರೆ ಅನುವಾದ, ದುಭಾಷಿ ಮುಂತಾದ ಕೆಲಸಗಳನ್ನು ಬಯಸುವವರು ಎನ್3, ಎನ್2ರವರೆಗೆ ಹಲವು ವರ್ಷಗಳ ಓದಿಗೆ ಸಿದ್ಧರಿರಬೇಕು.

ಸೇರುವ ಮುನ್ನ

ಪ್ರವೇಶ ಪಡೆಯುವವರು ತರಗತಿಯು ಯಾವ ಪಾಠದವರೆಗೆ ನಡೆಯುತ್ತದೆ, ವಾರಕ್ಕೆ ಎಷ್ಟು ಗಂಟೆ, ಆಲಿಸುವಿಕೆಯ ಅಭ್ಯಾಸ ಉಂಟೇ ಎಂಬುದನ್ನು ಶುಲ್ಕ ಕಟ್ಟುವ ಮೊದಲೇ ಕೇಳಿ ತಿಳಿಯತಕ್ಕದ್ದು. ಶುಲ್ಕಕ್ಕೆ ರಸೀದಿ ಪಡೆಯತಕ್ಕದ್ದು. ಮೊದಲ ದಿನ ಚೌಕದ ಗಣಿತ ಪುಸ್ತಕ, ಪೆನ್ಸಿಲ್ ಮತ್ತು ರಬ್ಬರ್ ತರುವುದು ಒಳಿತು; ಪೆನ್ನಿನಲ್ಲಿ ಬರೆಯಲು ಅಧ್ಯಾಪಕರು ಬಹುಶಃ ಬಿಡಲಾರರು. ಪ್ರವೇಶದ ದಿನಾಂಕ ಹಾಗೂ ಅರ್ಜಿ ನಮೂನೆಗಳಿಗಾಗಿ ಸಂಬಂಧಪಟ್ಟ ಕಾಲೇಜಿನ ಕಚೇರಿಯನ್ನು ಕೆಲಸದ ವೇಳೆಯಲ್ಲಿ ಖುದ್ದಾಗಿ ಸಂಪರ್ಕಿಸಬಹುದು.