ತೆನೆ ಮತ್ತು ತಾಳ್ಮೆ: ಕ್ರೈಸ್ತ ಜನಪದದಲ್ಲಿ ನಿಸರ್ಗದ ಪಾಠ

ನಿಸರ್ಗವನ್ನು ಗ್ರಂಥದಂತೆ ಓದಿ, ಅದರಿಂದ ಕಷ್ಟವನ್ನು ಸಹಿಸುವ ಪಾಠ ಪಡೆಯುವ ಪರಿಪಾಠ ಕ್ರೈಸ್ತ ಪರಂಪರೆಯಲ್ಲಿ ಬಹು ಹಳೆಯದು. ಧರ್ಮೋಪದೇಶದಲ್ಲಿ ಅದು ದೃಷ್ಟಾಂತವಾಗಿ, ಜನಪದರಲ್ಲಿ ಕಥೆಯಾಗಿ ಮತ್ತು ಆಚರಣೆಯಾಗಿ ಉಳಿದುಬಂದಿದೆ. ಈ ಪಾಠ ನಿಸರ್ಗದ ವಸ್ತುವಿನಲ್ಲಿಯೇ ಅಡಗಿದೆಯೇ, ಇಲ್ಲವೆ ಅದನ್ನು ನೋಡುವ ಸಮುದಾಯದ ಬದುಕಿನಿಂದ ಹುಟ್ಟುತ್ತದೆಯೇ ಎಂಬುದು ಜಾನಪದ ಅಧ್ಯಯನ ಕೇಳಬೇಕಾದ ಪ್ರಶ್ನೆ. ಬೈಬಲಿನ ಕೆಲವು ದೃಷ್ಟಾಂತಗಳು, ಒಂದು ಹೂವಿನ ಕಥೆ ಹಾಗೂ ಕರಾವಳಿ ಕರ್ನಾಟಕದ ತೆನೆಹಬ್ಬ ಇವುಗಳ ಆಧಾರದಿಂದ ಈ ಪ್ರಶ್ನೆಯನ್ನು ಇಲ್ಲಿ ಪರಿಶೀಲಿಸಲಾಗಿದೆ.

ಗ್ರಂಥದ ನೆಲೆ

ಯೋಹಾನನ ಸುವಾರ್ತೆಯ 12ನೆಯ ಅಧ್ಯಾಯದಲ್ಲಿ ಗೋಧಿಯ ಕಾಳಿನ ದೃಷ್ಟಾಂತ ಬರುತ್ತದೆ. ಮಣ್ಣಿಗೆ ಬಿದ್ದು ಸಾಯದ ಕಾಳು ಒಂಟಿಯಾಗಿ ಉಳಿಯುತ್ತದೆ. ಸತ್ತ ಕಾಳು ಬಹುಫಲ ಕೊಡುತ್ತದೆ ಎಂಬುದು ಅದರ ತಾತ್ಪರ್ಯ. ಯಾಕೋಬನ ಪತ್ರಿಕೆಯ 5ನೆಯ ಅಧ್ಯಾಯ ಮಳೆಗಾಗಿ ಕಾಯುವ ಬೇಸಾಯಗಾರನನ್ನು ತಾಳ್ಮೆಯ ಮಾದರಿಯಾಗಿ ತೋರಿಸುತ್ತದೆ. ಪ್ಯಾಲೆಸ್ತೀನಿನ ಮೊದಲ ಮಳೆ ಶರತ್ಕಾಲದ್ದು, ಕೊನೆಯ ಮಳೆ ವಸಂತದ್ದು. ಕನ್ನಡ ಅನುವಾದ ಇವುಗಳನ್ನು ಮುಂಗಾರು, ಹಿಂಗಾರು ಎಂದು ಕರೆದಿದೆ. ಈ ಎರಡು ಪದಗಳೊಡನೆ ದೃಷ್ಟಾಂತದ ಋತುಚಕ್ರವೇ ಬದಲಾಗಿ, 'ತಾಳಿದವನು ಬಾಳಿಯಾನು' ಎಂಬ ಗಾದೆಯನ್ನು ಬಲ್ಲ ಒಕ್ಕಲಿಗನ ಅನುಭವಕ್ಕೆ ಅದು ಹತ್ತಿರವಾಯಿತು.

ಆದರೆ ಗ್ರಂಥವು ಈ ವಿಷಯದಲ್ಲಿ ಒಂದೇ ಮಾತನ್ನು ಹೇಳುವುದಿಲ್ಲ. ಯೋಬನ ಗ್ರಂಥದ 14ನೆಯ ಅಧ್ಯಾಯದಲ್ಲಿ ಕಡಿದ ಮರಕ್ಕೆ ಪುನಃ ಚಿಗುರುವ ನಿರೀಕ್ಷೆಯುಂಟು, ನೀರಿನ ವಾಸನೆಯಿಂದಲೇ ಅದು ಮೊಳೆಯಬಲ್ಲದು ಎಂಬ ಮಾತಿದೆ. ಮನುಷ್ಯನಾದರೋ ಸತ್ತರೆ ಸತ್ತಂತೆಯೇ ಎಂದು ಯೋಬನು ಕೂಡಲೇ ಸೇರಿಸುತ್ತಾನೆ. ಮರ ಕೊಡುವ ಸಮಾಧಾನವನ್ನು ನೊಂದವನು ಇಲ್ಲಿ ತಿರಸ್ಕರಿಸುತ್ತಾನೆ. ನಿಸರ್ಗದ ಪಾಠವನ್ನು ಒಪ್ಪುವ ಅಥವಾ ನಿರಾಕರಿಸುವ ಅಧಿಕಾರ ಕಷ್ಟ ಅನುಭವಿಸಿದವನದೇ ಎಂಬ ಸೂಚನೆ ಇದರಲ್ಲಿದೆ.

ಒಂದು ಹೂವು, ಎರಡು ಓದು

ದಕ್ಷಿಣ ಅಮೆರಿಕದಿಂದ ಬಂದ ಬಳ್ಳಿಯೊಂದರ ಹೂವನ್ನು ಕುರಿತ ವಿವರಣೆ ಈ ದೃಷ್ಟಿಯಿಂದ ಗಮನಾರ್ಹ. ಜಾಕೊಮೊ ಬೊಸಿಯೊ 1610ರಲ್ಲಿ ರೋಮಿನಲ್ಲಿ ಪ್ರಕಟಿಸಿದ ಶಿಲುಬೆಯನ್ನು ಕುರಿತ ಗ್ರಂಥದಲ್ಲಿ ಈ ಹೂವನ್ನು ಕ್ರಿಸ್ತನ ಯಾತನೆಯ ಚಿಹ್ನೆಯಾಗಿ ವಿವರಿಸಿದನು. ಕಾಲಾಂತರದಲ್ಲಿ ರೂಢಿಗೊಂಡ ಓದಿನಂತೆ ಹೂವಿನ ನಡುವಣ ಎಳೆಗಳ ವರ್ತುಲ ಮುಳ್ಳಿನ ಕಿರೀಟ, ಮೂರು ಶಲಾಕೆಗಳು ಮೊಳೆಗಳು, ಐದು ಪರಾಗಕೋಶಗಳು ಐದು ಗಾಯಗಳು, ಬಳ್ಳಿಯ ಕುಡಿಗಳು ಚಾಟಿ. 1753ರಲ್ಲಿ ಲಿನೇಯಸ್ ಇದಕ್ಕೆ 'ಪ್ಯಾಸಿಫ್ಲೋರ' ಎಂಬ ಕುಲನಾಮವನ್ನು ಸ್ಥಿರಪಡಿಸಿದಾಗ ಈ ಧಾರ್ಮಿಕ ಓದು ಸಸ್ಯಶಾಸ್ತ್ರದ ಪರಿಭಾಷೆಯಲ್ಲಿಯೂ ನೆಲೆನಿಂತಿತು.

ಇದೇ ಹೂವು ನಮ್ಮಲ್ಲಿ ಕೃಷ್ಣಕಮಲ ಅಥವಾ ಕೌರವ-ಪಾಂಡವ ಹೂವು. ಸುತ್ತಲಿನ ಎಳೆಗಳು ನೂರು ಮಂದಿ ಕೌರವರು, ಐದು ಪರಾಗಕೋಶಗಳು ಪಾಂಡವರು, ಮೂರು ಶಲಾಕೆಗಳು ತ್ರಿಮೂರ್ತಿಗಳು. ಹೂವಿನ ರಚನೆ ಒಂದೇ, ಎಣಿಕೆಯೂ ಹೆಚ್ಚು ಕಡಿಮೆ ಒಂದೇ. ಒಂದು ಪರಂಪರೆ ಅಲ್ಲಿ ಒಬ್ಬನ ಯಾತನೆಯನ್ನು ಕಂಡರೆ, ಇನ್ನೊಂದು ಬಹುಸಂಖ್ಯಾತ ಶತ್ರುಗಳ ನಡುವೆ ಉಳಿದ ಐವರನ್ನು ಕಂಡಿದೆ. ಸಂಕಟವನ್ನು ದಾಟುವ ಆಶಯ ಎರಡರಲ್ಲೂ ಇದೆ. ಅದಕ್ಕೆ ಕಥೆಯನ್ನು ಒದಗಿಸಿದ್ದು ಹೂವಲ್ಲ, ನೋಡುವವರ ಸ್ಮೃತಿ.

ಆಟಿಯಿಂದ ತೆನೆಗೆ

ಕರಾವಳಿಯ ಕೊಂಕಣಿ ಕ್ಯಾಥೊಲಿಕರು ಸೆಪ್ಟೆಂಬರ್ 8ರಂದು ಮೇರಿಮಾತೆಯ ಜನ್ಮದಿನವನ್ನು 'ಮೊಂತಿ ಫೆಸ್ತ್' ಎಂಬ ಹೆಸರಿನಲ್ಲಿ ಆಚರಿಸುತ್ತಾರೆ. ಫರಂಗಿಪೇಟೆಯ ಮೊಂತ್ ಮರಿಯಾನೊ ಗುಡ್ಡದಲ್ಲಿ ಪಾದ್ರಿ ಜೋಕಿಂ ಮಿರಾಂದಾ ಅವರು 1763ರಲ್ಲಿ ಇದನ್ನು ಆರಂಭಿಸಿದರೆಂಬುದು ಸಮುದಾಯದಲ್ಲಿ ಪ್ರಚಲಿತವಾಗಿರುವ ಹೇಳಿಕೆ. ಹಬ್ಬಕ್ಕೆ ಮುನ್ನ ಒಂಬತ್ತು ದಿನ ಮಕ್ಕಳು ಮಾತೆಯ ಪ್ರತಿಮೆಗೆ ಹೂವು ಅರ್ಪಿಸುತ್ತಾರೆ. ಹಬ್ಬದ ದಿನ ಇಗರ್ಜಿಯಲ್ಲಿ ಆಶೀರ್ವದಿಸಿದ ಭತ್ತದ ತೆನೆಯನ್ನು ಮನೆಗೆ ತಂದು, ಹೊಸ ಕಾಳನ್ನು ಹಾಲು ಅಥವಾ ತೆಂಗಿನಹಾಲಿನಲ್ಲಿ ಬೆರೆಸಿ ಎಲ್ಲರೂ ಸೇವಿಸುತ್ತಾರೆ. ಅನಂತರ ಸಸ್ಯಾಹಾರದ 'ನೊವೆಂ ಜೆವಾಣ್', ಅಂದರೆ ಹೊಸತಿನ ಊಟ.

ಈ ತೆನೆಯ ಅರ್ಥ ತಿಳಿಯಬೇಕಾದರೆ ಅದರ ಹಿಂದಿನ ಆಟಿ ತಿಂಗಳನ್ನು ನೋಡಬೇಕು. ಏಣೆಲ್ ಬೆಳೆ ಇನ್ನೂ ಗದ್ದೆಯಲ್ಲಿರುವ, ಮನೆಯ ಅಕ್ಕಿ ಮುಗಿಯುತ್ತ ಬರುವ, ಬಿಡದೆ ಮಳೆ ಹೊಯ್ಯುವ ಕಾಲ ಅದು. ಕೆಸುವಿನ ಎಲೆ, ತಜಂಕ್ ಸೊಪ್ಪು, ಕಣಿಲೆ, ಉಪ್ಪುನೀರಿನಲ್ಲಿ ಹಾಕಿಟ್ಟ ಹಲಸಿನ ತೊಳೆ ಇವು ಅಂದಿನ ಆಹಾರ. ತುಳುವರ 'ಪುದ್ವಾರ್' ಊಟಕ್ಕೂ ಕ್ರೈಸ್ತರ ಹೊಸತಿನ ಊಟಕ್ಕೂ ಹಿನ್ನೆಲೆಯಾಗಿರುವುದು ಈ ಒಂದೇ ಹಸಿವು. ಸುವಾರ್ತೆಯ ಗೋಧಿ ಇಲ್ಲಿ ಭತ್ತವಾಗಿದೆ. ತಾಳ್ಮೆ ಇಲ್ಲಿ ಉಪದೇಶದ ಮಾತಾಗಿರದೆ ಪಂಚಾಂಗದ ಒಂದು ಅವಧಿಯಾಗಿದೆ. ಪರವೂರಿನಲ್ಲಿರುವ ಮಕ್ಕಳಿಗೂ ಹೊಸ ಕಾಳನ್ನು ಅಂಚೆಯ ಮೂಲಕ ಕಳುಹಿಸುವ ರೂಢಿ, ಸಹನೆಯ ಫಲ ಹಂಚಿಕೆಯಲ್ಲಿ ಪೂರ್ಣಗೊಳ್ಳುತ್ತದೆಂಬುದನ್ನು ಸೂಚಿಸುತ್ತದೆ.

ಇಲ್ಲಿ ಒಂದು ಎಚ್ಚರ ಅಗತ್ಯ. 1784ರಿಂದ 1799ರವರೆಗೆ ಈ ಸಮುದಾಯದ ಬಹುಭಾಗ ಟಿಪ್ಪು ಸುಲ್ತಾನನ ಆಳ್ವಿಕೆಯಲ್ಲಿ ಶ್ರೀರಂಗಪಟ್ಟಣದ ಸೆರೆಯನ್ನು ಅನುಭವಿಸಿತು. ಸೆರೆಯಾದವರ ಸಂಖ್ಯೆಯ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲ. ಕಿತ್ತು ನೆಟ್ಟ ನೇಜಿಯನ್ನು ಈ ಸ್ಥಳಾಂತರಕ್ಕೆ ಪ್ರತೀಕವೆಂದು ಹೇಳಿಬಿಡುವುದು ಸುಲಭ. ಆದರೆ ಆಚರಿಸುವವರ ಬಾಯಿಂದ ಬಾರದ ಅರ್ಥವನ್ನು ಸಂಶೋಧಕನು ಅವರ ಮೇಲೆ ಹೇರಬಾರದು.

ಸಹನೆಯ ಮಿತಿ

ನಿಸರ್ಗದ ಪಾಠಕ್ಕೆ ಇನ್ನೊಂದು ಮುಖವೂ ಇದೆ. ಮಳೆ ನಿಸರ್ಗದ್ದು, ಗೇಣಿ ಮನುಷ್ಯನದು. ಚಾಲಗೇಣಿ ಒಕ್ಕಲಿನ ಮನೆಯಲ್ಲಿ ಆಟಿಯ ಹಸಿವಿಗೆ ಧಣಿಗೆ ಅಳೆದುಕೊಟ್ಟ ಅಕ್ಕಿಯೂ ಕಾರಣವಾಗಿತ್ತು. 1974ರ ಭೂಸುಧಾರಣಾ ತಿದ್ದುಪಡಿ ಕಾಯಿದೆ ಗೇಣಿಯ ವ್ಯವಸ್ಥೆಯನ್ನು ಕೊನೆಗೊಳಿಸಿತು. ಆ ಕಷ್ಟ ನೀಗಿದ್ದು ಕೇವಲ ಕಾಯುವುದರಿಂದಲ್ಲ. ಬಿತ್ತಿದ ಕಾಳಿನಂತೆ ಸಹಿಸು ಎಂಬ ಮಾತು ಭೂಮಿಯಿಲ್ಲದವನಿಗೆ ಸಾಂತ್ವನವೂ ಆಗಬಹುದು, ಬಾಯಿಮುಚ್ಚಿಸುವ ಉಪಾಯವೂ ಆಗಬಹುದು. ಯಾರು, ಯಾರಿಗೆ, ಯಾವ ಸಂದರ್ಭದಲ್ಲಿ ಹೇಳಿದರು ಎಂಬುದನ್ನು ದಾಖಲಿಸದೆ ದೃಷ್ಟಾಂತವನ್ನಷ್ಟೇ ಸಂಗ್ರಹಿಸಿದರೆ ಈ ವ್ಯತ್ಯಾಸ ಕಾಣದೆ ಹೋಗುತ್ತದೆ.

ಇಂದು ಕರಾವಳಿಯ ಅನೇಕ ಗದ್ದೆಗಳು ಅಡಿಕೆ ತೋಟಗಳಾಗಿ, ಮನೆ ನಿವೇಶನಗಳಾಗಿ ಮಾರ್ಪಟ್ಟಿವೆ. ಹಬ್ಬ ಉಳಿದಿದೆ, ತೆನೆಯೂ ದೊರೆಯುತ್ತದೆ. ಅದಕ್ಕಾಗಿ ಕಾದ ದಿನಗಳ ನೆನಪು ಮಾತ್ರ ಹಿರಿಯ ತಲೆಮಾರಿನೊಂದಿಗೆ ಕ್ಷೀಣಿಸುತ್ತಿದೆ. ಆದ್ದರಿಂದ ಕ್ಷೇತ್ರಕಾರ್ಯಕ್ಕೆ ಹೋಗುವವರು ತೆನೆಯ ವಿಧಿಗಳನ್ನು ಕೇಳುವುದರ ಜೊತೆಗೆ ಆಟಿಯಲ್ಲಿ ಏನನ್ನು ಉಂಡರು, ಗದ್ದೆ ಯಾರದಾಗಿತ್ತು, ಹೊಸ ಕಾಳಿನಲ್ಲಿ ಪಾಲು ಯಾರು ಯಾರಿಗೆ ಸಂದಿತು ಎಂಬುದನ್ನೂ ಕೇಳಿ ಬರೆದಿಡಬೇಕಾಗಿದೆ. ಈ ಉತ್ತರಗಳನ್ನು ಕೊಡಬಲ್ಲವರು ಇನ್ನೂ ನಮ್ಮ ನಡುವೆ ಇದ್ದಾರೆ.