ಕಥೆಯ ಕಂದು ಮೈಗೆ ಸಿನಿಮಾದ ಸುಣ್ಣ

'ಶೋಲೆ'ಯಿಂದ ಹೆಸರಾದ ರಾಮನಗರದ ಬಂಡೆಬೆಟ್ಟಗಳು ಇನ್ನೊಂದು ಪ್ರಸಿದ್ಧ ಚಿತ್ರದಲ್ಲಿಯೂ ಇವೆ. ಇ.ಎಂ. ಫಾರ್ಸ್ಟರ್ 1924ರಲ್ಲಿ ಪ್ರಕಟಿಸಿದ 'ಎ ಪ್ಯಾಸೇಜ್ ಟು ಇಂಡಿಯಾ' ಕಾದಂಬರಿಯನ್ನು ಡೇವಿಡ್ ಲೀನ್ ತೆರೆಗೆ ತಂದಾಗ, ಅದರಲ್ಲಿ ಬರುವ ಮರಬಾರ್ ಗುಹೆಗಳಿಗಾಗಿ ಆಯ್ದುಕೊಂಡದ್ದು ಸಾವನದುರ್ಗ ಮತ್ತು ರಾಮದೇವರಬೆಟ್ಟದ ಪರಿಸರವನ್ನು. 1984ರಲ್ಲಿ ತೆರೆಕಂಡ ಈ ಚಿತ್ರದಲ್ಲಿ ಡಾ. ಅಜೀಜ್ ಪಾತ್ರವನ್ನು ಬಂಗಾಳಿ ನಟ ವಿಕ್ಟರ್ ಬ್ಯಾನರ್ಜಿ ವಹಿಸಿದರು. ಆದರೆ ಬ್ರಾಹ್ಮಣ ಪ್ರಾಧ್ಯಾಪಕ ಗೋಡ್ಬೋಲೆಯ ಪಾತ್ರಕ್ಕೆ ಇಂಗ್ಲೆಂಡಿನ ಅಲೆಕ್ ಗಿನ್ನೆಸ್ ಮುಖಕ್ಕೆ ಕಂದು ಬಣ್ಣ ಬಳಿದುಕೊಂಡು ಬಂದರು. ಬಂಡೆ ನಮ್ಮದು, ಬಿಸಿಲು ನಮ್ಮದು, ಕಥೆಯ ಮನುಷ್ಯನೂ ನಮ್ಮವನೇ. ಮುಖ ಮಾತ್ರ ಪರದೇಶದ್ದು. ಗಿನ್ನೆಸ್ ಮಹಾನಟರೆಂಬುದರಲ್ಲಿ ಎರಡು ಮಾತಿಲ್ಲ. ಆದರೂ ಇಡೀ ಭಾರತದಲ್ಲಿ ಒಬ್ಬ ಗೋಡ್ಬೋಲೆ ಸಿಗಲಿಲ್ಲವೇ ಎಂಬ ಪ್ರಶ್ನೆ ಉಳಿದೇ ಉಳಿಯುತ್ತದೆ.

ಏನಿದು ವೈಟ್‌ವಾಷಿಂಗ್?

ಗೋಡೆಗೆ ಸುಣ್ಣ ಬಳಿಯುವುದಕ್ಕೆ ಇಂಗ್ಲಿಷಿನಲ್ಲಿರುವ ಹೆಸರನ್ನೇ ಚಿತ್ರವಿಮರ್ಶೆಯಲ್ಲಿ ಈ ಪದ್ಧತಿಗೂ ಬಳಸುತ್ತಾರೆ. ಮೂಲಕೃತಿಯಲ್ಲಿ ಬೇರೆ ಜನಾಂಗಕ್ಕೆ ಸೇರಿದ ಪಾತ್ರವನ್ನು ಬಿಳಿಯ ನಟರಿಗೆ ಕೊಡುವುದೇ ವೈಟ್‌ವಾಷಿಂಗ್. ಇದರಲ್ಲಿ ಎರಡು ಬಗೆ. ಮೊದಲನೆಯದು ಗಿನ್ನೆಸ್ ಮಾದರಿ: ಪಾತ್ರದ ಜನಾಂಗ ಹಾಗೆಯೇ ಇರುತ್ತದೆ, ನಟನಿಗೆ ಬಣ್ಣ ಬಳಿಯಲಾಗುತ್ತದೆ. ಎರಡನೆಯದರಲ್ಲಿ ಪಾತ್ರವನ್ನೇ ಬಿಳಿಯನನ್ನಾಗಿ ಮಾಡಿಬಿಡುತ್ತಾರೆ.

ಎರಡನೆಯದಕ್ಕೆ 2008ರ '21' ಎಂಬ ಚಿತ್ರ ಒಳ್ಳೆಯ ಉದಾಹರಣೆ. ಲಾಸ್ ವೇಗಾಸ್‌ನ ಜೂಜುಕಟ್ಟೆಗಳನ್ನು ಲೆಕ್ಕಾಚಾರದ ಬಲದಿಂದ ಸೋಲಿಸಿದ ಎಂಐಟಿ ವಿದ್ಯಾರ್ಥಿಗಳನ್ನು ಕುರಿತು ಬೆನ್ ಮೆಜ್‌ರಿಚ್ ಬರೆದ ಪುಸ್ತಕ ಇದರ ಮೂಲ. ಆ ತಂಡದಲ್ಲಿ ಏಷ್ಯಾ ಮೂಲದವರೇ ಹೆಚ್ಚಾಗಿದ್ದರು. ನಾಯಕನಿಗೆ ಮಾದರಿಯಾದ ಜೆಫ್ ಮಾ ಚೀನೀ ಮೂಲದ ಅಮೆರಿಕನ್. ತೆರೆಯ ಮೇಲೆ ಆ ಸ್ಥಾನಕ್ಕೆ ಬಂದವರು ಬ್ರಿಟನ್ನಿನ ಬಿಳಿಯ ನಟ ಜಿಮ್ ಸ್ಟರ್ಜೆಸ್.

ಇದು ಇಂದು ನಿನ್ನೆಯ ಮಾತಲ್ಲ. ಚೀನಾದ ರೈತ ದಂಪತಿಗಳ ಬದುಕನ್ನು ಚಿತ್ರಿಸುವ ಪರ್ಲ್ ಬಕ್ ಅವರ 'ದಿ ಗುಡ್ ಅರ್ಥ್' 1937ರಲ್ಲಿ ಚಲನಚಿತ್ರವಾಯಿತು. ರೈತನಾಗಿ ನಟಿಸಿದವರು ಪಾಲ್ ಮುನಿ, ಆತನ ಪತ್ನಿಯಾಗಿ ಲೂಯಿಸ್ ರೈನರ್. ಇಬ್ಬರೂ ಐರೋಪ್ಯ ಮೂಲದವರು. ಆಗ ಹಾಲಿವುಡ್‌ನ ಹೆಸರಾಂತ ಚೀನೀ-ಅಮೆರಿಕನ್ ನಟಿಯಾಗಿದ್ದ ಆನಾ ಮೇ ವಾಂಗ್ ಆ ಪತ್ನಿಯ ಪಾತ್ರಕ್ಕಾಗಿ ಹಂಬಲಿಸಿದ್ದರು. ಆದರೆ ಭಿನ್ನ ವರ್ಣದವರ ಪ್ರೇಮವನ್ನು ತೋರಿಸುವುದಕ್ಕೆ ಅಂದಿನ ಚಿತ್ರೋದ್ಯಮದ ನೀತಿಸಂಹಿತೆ ಅಡ್ಡಬರುತ್ತಿತ್ತು. ಗಂಡನ ಪಾತ್ರ ಬಿಳಿಯನಿಗೆ ಹೋದಮೇಲೆ ಹೆಂಡತಿಯ ಪಾತ್ರವೂ ವಾಂಗ್ ಕೈತಪ್ಪಿತು. ರೈನರ್ ಅದೇ ಪಾತ್ರಕ್ಕಾಗಿ ಆಸ್ಕರ್ ಪಡೆದರು. ವಾಂಗ್ ಮುಖವನ್ನು ಅಮೆರಿಕವು ತನ್ನ 25 ಸೆಂಟಿನ ನಾಣ್ಯದ ಮೇಲೆ ಅಚ್ಚು ಹಾಕಿದ್ದು 2022ರಲ್ಲಿ, ಅವರು ತೀರಿಕೊಂಡು 61 ವರ್ಷಗಳಾದ ಮೇಲೆ.

ಅರ್ತ್‌ಸೀಯ ಗೆಡ್‌ಗೆ ಆದದ್ದು

ಕೃತಿಯಲ್ಲಿ ಲೇಖಕರು ಬಣ್ಣವನ್ನು ಹೇಗೆ ಹೇಳಿದ್ದಾರೆ, ತೆರೆಯ ಮೇಲೆ ಅದು ಹೇಗೆ ಅಳಿಸಿಹೋಗುತ್ತದೆ ಎಂಬುದನ್ನು ಅರಿಯಲು ಅಮೆರಿಕದ ಲೇಖಕಿ ಅರ್ಸುಲಾ ಲೆ ಗ್ವಿನ್ ಅವರ ಅನುಭವಕ್ಕಿಂತ ಉತ್ತಮ ನಿದರ್ಶನವಿಲ್ಲ. 1968ರಲ್ಲಿ ಪ್ರಕಟವಾದ ಅವರ 'ಎ ವಿಜರ್ಡ್ ಆಫ್ ಅರ್ತ್‌ಸೀ' ಒಂದು ದ್ವೀಪಸಮೂಹದ ಮಾಂತ್ರಿಕರ ಕಥೆ. ಅದರ ನಾಯಕ ಗೆಡ್‌ನದು ಕೆಂಪುಮಿಶ್ರಿತ ಕಂದು ಬಣ್ಣ. ಆತನ ಆಪ್ತ ಗೆಳೆಯ ವೆಚ್ ಇನ್ನೂ ಕಪ್ಪು. ಬಿಳಿಯ ಮೈಯವರು ಆ ಲೋಕದಲ್ಲಿ ದಂಡೆತ್ತಿ ಬರುವ ಪರಕೀಯರು.

ಲೇಖಕಿ ಇದನ್ನು ಡಂಗುರ ಸಾರಲಿಲ್ಲ. ಗೆಡ್‌ನ ಬಾಲ್ಯ, ಹಟ, ಹೆಮ್ಮೆಗಳನ್ನು ಮೊದಲು ಹೇಳಿ, ಓದುಗ ಅವನೊಂದಿಗೆ ಒಂದಾದ ಮೇಲೆ, ಪ್ರಾಸಂಗಿಕವೆಂಬಂತೆ ಮೈಬಣ್ಣವನ್ನು ತಿಳಿಸಿದರು. ಬಿಳಿಯ ಓದುಗ ತಾನು ಕಂದು ಮೈಯೊಂದರೊಳಗೆ ಇಷ್ಟು ದೂರ ನಡೆದುಬಂದೆನೆಂದು ಆಮೇಲೆ ಅರಿಯಬೇಕು ಎಂಬುದು ಅವರ ಉದ್ದೇಶ.

2004ರ ಡಿಸೆಂಬರಿನಲ್ಲಿ ಸೈ-ಫೈ ವಾಹಿನಿ ಈ ಕೃತಿಗಳನ್ನು ಆಧರಿಸಿದ ಕಿರುಧಾರಾವಾಹಿ ಪ್ರಸಾರ ಮಾಡಿತು. ಗುರು ಓಜಿಯನ್ ಪಾತ್ರದಲ್ಲಿ ಕಪ್ಪುವರ್ಣೀಯ ನಟ ಡ್ಯಾನಿ ಗ್ಲೋವರ್ ಇದ್ದರು. ಆದರೆ ಗೆಡ್ ಆಗಿ ಕಾಣಿಸಿಕೊಂಡವರು ಬಿಳಿಯ ನಟ ಶಾನ್ ಆಶ್ಮೋರ್. ಲೇಖಕಿಗೆ ಸಲಹೆಗಾರ್ತಿ ಎಂಬ ಹೆಸರಿತ್ತೇ ಹೊರತು ಅಧಿಕಾರವಿರಲಿಲ್ಲ. ಪ್ರಸಾರವಾದ ಬೆನ್ನಲ್ಲೇ ಅವರು 'ಸ್ಲೇಟ್' ಪತ್ರಿಕೆಯಲ್ಲಿ ಲೇಖನ ಬರೆದು, ತಮ್ಮ ಲೋಕಕ್ಕೆ ಸುಣ್ಣ ಬಳಿಯಲಾಗಿದೆ ಎಂದು ಬಹಿರಂಗವಾಗಿಯೇ ಪ್ರತಿಭಟಿಸಿದರು. ಇಂಥ ಅದ್ಭುತರಮ್ಯ ಕಥೆಗಳಲ್ಲಿ ತಮಗೂ ಸ್ಥಳವಿದೆಯೆಂದು ಮೊದಲು ಅನ್ನಿಸಿದ್ದು ಅರ್ತ್‌ಸೀಯಿಂದಲೇ ಎಂದು ಬಿಳಿಯರಲ್ಲದ ಓದುಗರು ತಮಗೆ ತಿಳಿಸಿದ್ದನ್ನೂ ಅವರು ಅಲ್ಲಿ ನೆನೆದರು. ಆ ಓದುಗರಿಂದ ಕಿತ್ತುಕೊಂಡದ್ದು ಆ ಸ್ಥಳವನ್ನೇ.

ಬರೆದರೂ ಕಾಣದ ಬಣ್ಣ

ಹಾಗಾದರೆ ಲೇಖಕಿ ಇನ್ನಷ್ಟು ಗಟ್ಟಿಯಾಗಿ ಹೇಳಬೇಕಿತ್ತೇ? ಸುಝೇನ್ ಕಾಲಿನ್ಸ್ 2008ರ 'ದಿ ಹಂಗರ್ ಗೇಮ್ಸ್' ಕಾದಂಬರಿಯಲ್ಲಿ ರೂ ಎಂಬ ಬಾಲಕಿಯ ಮೈ ಕಡುಕಂದು ಎಂದು ನೇರವಾಗಿಯೇ ಬರೆದಿದ್ದರು. 2012ರ ಚಿತ್ರದಲ್ಲಿ ಆ ಪಾತ್ರವನ್ನು ಕಪ್ಪುವರ್ಣೀಯ ಬಾಲನಟಿ ಅಮಾಂಡ್ಲಾ ಸ್ಟೆನ್‌ಬರ್ಗ್ ವಹಿಸಿದಾಗ, ಪುಸ್ತಕ ಓದಿದ್ದ ಕೆಲವರೇ 'ರೂ ಹೀಗಿರಲಿಲ್ಲ' ಎಂದು ಅಸಮಾಧಾನ ತೋರಿದರು. ಕಣ್ಣು ಅಕ್ಷರವನ್ನು ಓದಿತ್ತು. ಮನಸ್ಸು ತನಗೆ ರೂಢಿಯಾದ ಮುಖವನ್ನೇ ಬಿಡಿಸಿಕೊಂಡಿತ್ತು.

ಸಮಸ್ಯೆಯ ಬೇರು ಇಲ್ಲಿದೆ. ಪುಟವು ಮುಖದ ಬಗ್ಗೆ ಮೌನವಾಗಿರಬಲ್ಲದು, ಕ್ಯಾಮೆರಾ ಇರಲಾರದು. ಮೌನವಿದ್ದ ಕಡೆ ಓದುಗ ತನ್ನ ರೂಢಿಯನ್ನು ತುಂಬುತ್ತಾನೆ, ನಿರ್ಮಾಪಕ ತನ್ನದನ್ನು. ವ್ಯತ್ಯಾಸವಿಷ್ಟೇ: ಓದುಗನ ತಪ್ಪು ಅವನ ತಲೆಯಲ್ಲಿಯೇ ಉಳಿಯುತ್ತದೆ. ನಿರ್ಮಾಪಕನ ತಪ್ಪು ಒಬ್ಬ ಕಲಾವಿದನ ಕೆಲಸ ಕಳೆಯುತ್ತದೆ, ಕೋಟ್ಯಂತರ ಜನರಿಗೆ ಅದೇ ನಿಜವಾದ ಮುಖವೆಂಬಂತೆ ತಲುಪುತ್ತದೆ.

ಆದ್ದರಿಂದ ಬರೆಯುವವರು ಕೆಲವು ಎಚ್ಚರಿಕೆ ವಹಿಸುವುದುಂಟು. ಚಹರೆಯನ್ನು ಮೊದಲ ಪುಟಗಳಲ್ಲೇ, ಮತ್ತೆ ನಡುನಡುವೆಯೂ ಸೂಚಿಸುವುದು ಒಂದು. ಬಿಳಿಯರಲ್ಲದವರ ಬಣ್ಣವನ್ನಷ್ಟೇ ಹೇಳಿದರೆ ಉಳಿದವರೆಲ್ಲ ಬಿಳಿಯರೆಂದು ಒಪ್ಪಿಕೊಂಡಂತಾಗುತ್ತದೆ. ಆದ್ದರಿಂದ ಬಿಳಿಯರದನ್ನೂ ಹೇಳುವುದು ಇನ್ನೊಂದು. ಮೈಯನ್ನು ಕಾಫಿಗೋ ಚಾಕೊಲೇಟಿಗೋ ಹೋಲಿಸುವ ಸವಕಲು ಉಪಮೆಗಳನ್ನು ಹಲವರು ಈಗ ಕೈಬಿಟ್ಟಿದ್ದಾರೆ, ಮನುಷ್ಯರು ತಿನಿಸುಗಳಲ್ಲವಷ್ಟೆ. ಹೆಸರು, ಬಂಧುತ್ವದ ಕರೆ, ಅಡುಗೆಮನೆ, ಮಾತಿನ ಧಾಟಿ ಇವು ಬಣ್ಣಕ್ಕಿಂತ ಹೆಚ್ಚು ಹೇಳಬಲ್ಲವು.

ಕನ್ನಡದ ಕಥೆಗಾರರು ಮೊದಲಿನಿಂದಲೂ ನೆಚ್ಚಿಕೊಂಡಿರುವುದು ಈ ಕೊನೆಯ ದಾರಿಯನ್ನೇ. ಹೆಸರು ಕೇಳಿದೊಡನೆ, ಎರಡು ಮಾತು ಆಡಿದೊಡನೆ ಪಾತ್ರದ ಊರು-ಕೇರಿ ನಮಗೆ ತಿಳಿದುಹೋಗುತ್ತದೆ. ಕಥೆ ಪರಭಾಷೆಗೆ ಹೋದಾಗ ಮಾತ್ರ ಈ ಸುಳಿವುಗಳು ಅಪಾಯಕ್ಕೆ ಸಿಲುಕುತ್ತವೆ. 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪಡೆದ ಬಾನು ಮುಷ್ತಾಕ್ ಅವರ 'ಹಾರ್ಟ್ ಲ್ಯಾಂಪ್' ಅನುವಾದದಲ್ಲಿ ದೀಪಾ ಭಾಸ್ತಿ ಇಂಥ ಅನೇಕ ಪದಗಳನ್ನು ಅಡಿಟಿಪ್ಪಣಿಯಿಲ್ಲದೆ, ಓರೆ ಅಕ್ಷರವಿಲ್ಲದೆ ಹಾಗೆಯೇ ಉಳಿಸಿದರು. ಪಾತ್ರಗಳ ಗುರುತು ಉಳಿಯಿತು. ಪರದೇಶದ ಓದುಗರೂ ಒಪ್ಪಿಕೊಂಡರು.

ನಮ್ಮ ಕನ್ನಡಿಯಲ್ಲಿ

ಹಾಲಿವುಡ್‌ನತ್ತ ಬೆರಳು ತೋರಿಸಿ ಸುಮ್ಮನಾಗುವಂತಿಲ್ಲ. ಮಣಿಪುರದ ಬಾಕ್ಸರ್ ಮೇರಿ ಕೋಮ್ ಅವರ ಜೀವನಚಿತ್ರ 2014ರಲ್ಲಿ ಬಂದಾಗ ಮುಖ್ಯಪಾತ್ರ ದೊರೆತದ್ದು ಪ್ರಿಯಾಂಕಾ ಚೋಪ್ರಾಗೆ. 2019ರ 'ಬಾಲಾ' ಚಿತ್ರದಲ್ಲಿ ಕಪ್ಪು ಹೆಣ್ಣಿನ ನೋವನ್ನು ಹೇಳಲು ಭೂಮಿ ಪೆಡ್ನೇಕರ್ ಮುಖಕ್ಕೆ ಕಪ್ಪು ಬಳಿಯಲಾಯಿತು. ಈಶಾನ್ಯದ ಅಥವಾ ಕಪ್ಪು ಬಣ್ಣದ ನಟಿಯರಿಗಾಗಿಯೇ ಬರೆದಂತಿದ್ದ ಪಾತ್ರಗಳಿವು.

ಪ್ರಸಿದ್ಧ ಮುಖವಿಲ್ಲದೆ ಚಿತ್ರ ಓಡದು ಎಂಬುದು ಎಲ್ಲೆಡೆಯೂ ಕೇಳಿಬರುವ ಸಮಜಾಯಿಷಿ. ಅವಕಾಶವನ್ನೇ ಕೊಡದೆ ಮುಖ ಪ್ರಸಿದ್ಧವಾಗುವುದಾದರೂ ಹೇಗೆ? ಸಿಂಗಪುರ ಮೂಲದ ಕೆವಿನ್ ಕ್ವಾನ್ ತಮ್ಮ 'ಕ್ರೇಜಿ ರಿಚ್ ಏಷ್ಯನ್ಸ್' ಕಾದಂಬರಿಯ ನಾಯಕಿಯನ್ನು ಬಿಳಿಯಳನ್ನಾಗಿ ಮಾಡೋಣವೆಂಬ ನಿರ್ಮಾಪಕರೊಬ್ಬರ ಸಲಹೆಯನ್ನು ತಳ್ಳಿಹಾಕಿದ್ದರು. ಏಷ್ಯಾ ಮೂಲದ ನಟರೇ ತುಂಬಿದ್ದ ಆ ಚಿತ್ರ 2018ರಲ್ಲಿ ಸುಮಾರು 3 ಕೋಟಿ ಡಾಲರ್ ವೆಚ್ಚದಲ್ಲಿ ತಯಾರಾಗಿ 23 ಕೋಟಿಗೂ ಹೆಚ್ಚು ಗಳಿಸಿತು.

ಲೆ ಗ್ವಿನ್ 2018ರ ಜನವರಿಯಲ್ಲಿ ತೀರಿಕೊಂಡರು. ಲೋಕದ ಬಹುಪಾಲು ಜನ ಬಿಳಿಯರಲ್ಲದಿರುವಾಗ ಕಲ್ಪನಾಲೋಕದವರೇಕೆ ಬಿಳಿಯರಾಗಿರಬೇಕು ಎಂದು ಅವರು ಕೇಳುತ್ತಿದ್ದ ಪ್ರಶ್ನೆಗೆ ಉತ್ತರಿಸಬೇಕಾದವರಲ್ಲಿ ನಿರ್ಮಾಪಕರ ಜೊತೆಗೆ ನಾವೂ ಇದ್ದೇವೆ. ಮುಂದಿನ ಕಾದಂಬರಿಯನ್ನು ಕೈಗೆತ್ತಿಕೊಂಡಾಗ, ನಾಯಕ-ನಾಯಕಿಯರಿಗೆ ನಮ್ಮ ಮನಸ್ಸು ಯಾರ ಮುಖ ಕೊಡುತ್ತಿದೆ ಎಂದು ಒಮ್ಮೆ ನೋಡಿಕೊಳ್ಳಬಹುದು.